ಪಾಲಾಗದ ಮನೆ

ಶೆಫೀಲ್ಡಿನಿಂದ ಹೊರಟ 218 ನಂಬರಿನ ಬಸ್ಸು ಊರಾಚೆಯ ಮನೆಗಳನ್ನೆಲ್ಲ ದಾಟಿ ಬೋಳುಗುಡ್ಡ ಹತ್ತುತ್ತಿರುವಾಗ ಅಪ್ಪನ ಫೋನು ಬಂತು.

"ಎಲ್ಲಿದ್ದೀಯವ್ವಾ?"

"ಒಂದು ಮನೆ ನೋಡಕ್ಕೆ ಹೋಯ್ತಾ ಇದೀನಪ್ಪಾ."

"ಯಾಕೆ, ಈಗಿರೋ ಮನೆ ಓನರು ಬಿಡಿ ಅಂದ್ರಾ?"

ತಪ್ಪು ಅಪ್ಪನದಲ್ಲ. ಇಂಗ್ಲಿಷರು ಅದನ್ನು ಕರೆಯುವುದೇ ಹಾಗೆ, ಚಾಟ್ಸ್‌ವರ್ತ್ ಹೌಸ್ ಅಂತ. ಡರ್ಬಿಶೈರಿನಲ್ಲಿ, ಡರ್ವೆಂಟ್ ಹೊಳೆಯ ದಂಡೆಯಲ್ಲಿರುವ ಈ ಕಟ್ಟಡದಲ್ಲಿ ಹೆಚ್ಚುಕಮ್ಮಿ ಮುನ್ನೂರು ಕೋಣೆಗಳಿವೆ. ಅದರ ಸೀಸದ ಮಾಡು 1.3 ಎಕರೆ. ನಮ್ಮ ಪಾಲಿಗೆ ಬಂದ ಬಾಳೆ ತೋಟ ಒಂದೂಕಾಲು ಎಕರೆ. ಅಂದರೆ ಈ ಮಾಡನ್ನು ಬಿಚ್ಚಿ ತಂದು ನಮ್ಮ ತೋಟಕ್ಕೆ ಹೊದಿಸಿದರೆ ಬದುವಿನಾಚೆಗೂ ಒಂದಿಷ್ಟು ಚಾಚಿಕೊಳ್ಳುತ್ತದೆ. ನಮ್ಮಲ್ಲಾದರೆ ಇದನ್ನು ಅರಮನೆ ಅನ್ನದೆ ಬೇರೇನೂ ಅನ್ನುತ್ತಿರಲಿಲ್ಲ. ಇವರಿಗೆ ಇದು ಬರೀ ಮನೆ. ಈ ಸಂಕೋಚದ ಹಿಂದೆ ಎಷ್ಟು ಜಂಬ ಇದೆ ಅನ್ನುವುದು ಇಲ್ಲಿಗೆ ಬಂದು ನಾಲ್ಕೈದು ವರ್ಷವಾದ ಮೇಲೆ ನನಗೆ ನಿಧಾನಕ್ಕೆ ಅರ್ಥವಾಗುತ್ತಿದೆ.

ಬಸ್ಸಿನ ಕಿಟಕಿಯಿಂದ ಮೊದಲು ಕಾಣುವುದು ಹಸಿರು ಇಳಿಜಾರು, ಕುರಿಗಳು, ಅಲ್ಲೊಂದು ಇಲ್ಲೊಂದು ದೊಡ್ಡ ಮರ. ತಾನಾಗಿಯೇ ಹಾಗಿದೆ ಅನ್ನಿಸುತ್ತದೆ. ಆದರೆ 1760ರ ದಶಕದಲ್ಲಿ ಕೇಪಬಿಲಿಟಿ ಬ್ರೌನ್ ಎಂಬ ತೋಟಗಾರಿಕೆಯ ಮೇಸ್ತ್ರಿ ನೆಲ ಸಮ ಮಾಡಿಸಿ, ಮರ ನೆಡಿಸಿ ಮಾಡಿದ 'ಸಹಜತೆ' ಅದು. ಎಡೆನ್ಸರ್ ಎಂದು ಬರೆದು 'ಎನ್ಜರ್' ಎಂದು ಓದಬೇಕಾದ ಹಳ್ಳಿಯೊಂದು ಮನೆಯ ಕಿಟಕಿಗೆ ಅಡ್ಡ ಬರುತ್ತಿತ್ತು. ಕಾಣುತ್ತಿದ್ದಷ್ಟನ್ನು ಕೆಡವಿಸಿದರು, 1830ರ ದಶಕದಲ್ಲಿ ಈ ಮನೆಯ ಒಡೆಯನಾಗಿದ್ದ ಆರನೆಯ ಡ್ಯೂಕ್ ಉಳಿದದ್ದನ್ನೂ ಗುಡ್ಡದ ಮರೆಗೆ ಸರಿಸಿ ಹೊಸದಾಗಿ ಕಟ್ಟಿಸಿದ. ಹಳೆಯ ಊರಿನದು ಒಂದೇ ಒಂದು ಮನೆ ರಸ್ತೆಯ ಈಚೆ ಒಂಟಿಯಾಗಿ ನಿಂತಿದೆ, ಪಂಚಾಯ್ತಿಯಲ್ಲಿ ಸಹಿ ಹಾಕಲೊಲ್ಲದವನ ಹಾಗೆ.

ಒಳಗಿನ ವೈಭವದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಲಾಗೇರ್ ಎಂಬ ಫ್ರೆಂಚ್ ಕಲಾವಿದ ಗೋಡೆ, ಚಾವಣಿ ಎಲ್ಲ ಬಿಡದೆ ಜೂಲಿಯಸ್ ಸೀಸರನ ಕತೆ ಬರೆದಿರುವ ದೊಡ್ಡ ಹಜಾರದಿಂದಲೇ ಕತ್ತು ನೋಯತೊಡಗುತ್ತದೆ. ಹತ್ತನೆಯ ಕೋಣೆಯ ಹೊತ್ತಿಗೆ ಚಿನ್ನದ ಬಣ್ಣ ಕಣ್ಣಿಗೆ ತಾಕುವುದೇ ಇಲ್ಲ. ಮದುವೆ ಊಟದಲ್ಲಿ ಆರನೆಯ ಸಿಹಿ ಬಡಿಸಿದ ಹಾಗೆ.

ಸಂಗೀತದ ಕೋಣೆಯ ಬಾಗಿಲೊಂದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಹೊರಬಾಗಿಲು ಅರೆ ತೆರೆದಿದೆ. ಅದರ ಹಿಂದಿನ ಒಳಬಾಗಿಲಿಗೆ ಬೆಳ್ಳಿಯ ಗುಬಟು, ಆ ಗುಬಟಿಗೆ ನೀಲಿ ರಿಬ್ಬನ್ನಿನಲ್ಲಿ ನೇತುಹಾಕಿದ ಪಿಟೀಲು, ಪಕ್ಕದಲ್ಲಿ ಕಮಾನು. ತಂತಿಯ ನೆರಳು ಮರದ ಮೇಲೆ ಬಿದ್ದಿದೆ. ಯಾರೋ ಈಗಷ್ಟೇ ಬಾರಿಸಿ ಕಾಫಿ ಕುಡಿಯಲು ಹೋಗಿದ್ದಾರೆ ಅನ್ನಬೇಕು. ಅಲ್ಲಿ ಕಾವಲಿಗಿದ್ದ ಅಜ್ಜಿ ಇನ್ನೂ ಸ್ವಲ್ಪ ಈ ಕಡೆ ಬಂದು ನೋಡು ಅಂದರು. ಎರಡು ಹೆಜ್ಜೆ ಸರಿದೆ. ಪಿಟೀಲೂ ಇಲ್ಲ, ಗುಬಟೂ ಇಲ್ಲ, ಅಷ್ಟೂ ಬಣ್ಣ. ಯಾನ್ ವಾನ್ ಡರ್ ವಾರ್ಟ್ ಎಂಬಾತ ಬಿಡಿಸಿದ್ದು. ಲಂಡನ್ನಿನಲ್ಲಿದ್ದ ಇವರದೇ ಇನ್ನೊಂದು ಮನೆಯಿಂದ ಆಮೇಲೆ ಇಲ್ಲಿಗೆ ತಂದರಂತೆ.

ಮನೆ ಬಿಚ್ಚಿದರೆ ಬಾಗಿಲು ಇನ್ನೊಂದು ಮನೆಗೆ. ಅದು ನನಗೆ ಗೊತ್ತಿರುವ ವಿಷಯ. ನಮ್ಮ ತೊಟ್ಟಿಮನೆಯ ತೇಗದ ಬಾಗಿಲೂ ಹಾಗೆಯೇ ಹೋಯಿತು.

ನಂಜನಗೂಡಿನ ಹತ್ತಿರ, ಕಪಿಲೆಯ ನಾಲೆ ನೀರು ಹರಿಯುವ ಹಳ್ಳಿಯಲ್ಲಿ ತಾತ ಕಟ್ಟಿಸಿದ ಮನೆ ಅದು. ತಾತ ಹೋದ ಮೂರನೆಯ ವರ್ಷಕ್ಕೆ ಅಪ್ಪ, ಚಿಕ್ಕಪ್ಪ ಪಾಲಾದರು. ಪಂಚಾಯ್ತಿದಾರರು ಜಗಲಿಯ ಮೇಲೆ ಕೂತು ಹಗ್ಗ ಹಿಡಿದು ಅಳೆದರು. ದೇವರ ಕೋಣೆ ನಮಗೆ, ಅಡುಗೆಮನೆ ಚಿಕ್ಕಪ್ಪನಿಗೆ. ತೊಟ್ಟಿಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದಿತು. ತೊಟ್ಟಿಗೆ ಬಿದ್ದ ಮಳೆನೀರು ಹೊರಗೆ ಹೋಗುವ ತೂಬು ಒಂದೇ. ಅದು ಚಿಕ್ಕಪ್ಪನ ಕಡೆ ಉಳಿಯಿತು. ಆಮೇಲೆ ಪ್ರತಿ ಮಳೆಗಾಲ ನಮ್ಮ ಅರ್ಧ ತೊಟ್ಟಿಯಲ್ಲಿ ಪಾದ ಮುಳುಗುವಷ್ಟು ನೀರು, ಗೋಡೆಯ ಮೇಲೆ ಹಾದು ಆ ಕಡೆಗೂ ಈ ಕಡೆಗೂ ಮಾತು. ಬಚ್ಚಲ ನೀರು ಹೋಗುವಲ್ಲಿ ಅಜ್ಜಿ ನೆಟ್ಟಿದ್ದ ರಸಬಾಳೆಯ ಬುಡವೂ ಆ ಕಡೆಗೇ ಹೋಯಿತು. ಅಪ್ಪನ ಅಕ್ಕ, ನಮ್ಮತ್ತೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಸೀರೆ, ಮಡಿಲು ತುಂಬಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಸೀರೆ ಚೆನ್ನಾಗಿತ್ತು ಅನ್ನುವುದಷ್ಟೇ ಆಗ ನನ್ನ ತಲೆಗೆ ಹೋದದ್ದು.

ಹಾಗಾಗಿ ಚಾಟ್ಸ್‌ವರ್ತಿನಲ್ಲಿ ನಾನು ಕೋಣೆಯಿಂದ ಕೋಣೆಗೆ ಕೇಳಿಕೊಂಡದ್ದು ಒಂದೇ ಪ್ರಶ್ನೆ. 1549ರಲ್ಲಿ ಕೊಂಡ ಆಸ್ತಿ ಇದು. ಇಷ್ಟು ತಲೆಮಾರು ದಾಟಿಯೂ ಇದರ ನಡುವೆ ಒಂದು ಗೋಡೆ ಏಳಲಿಲ್ಲವಲ್ಲ, ಹೇಗೆ?

ಕೊಳ್ಳುವಂತೆ ಮಾಡಿದವಳು ಹೆಂಗಸು. ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಹೆಸರಾದವಳು. ಸಣ್ಣ ಜಮೀನುದಾರನ ಮಗಳು, ನಾಲ್ಕು ಮದುವೆಯಾದಳು, ಪ್ರತಿ ಮದುವೆಯಲ್ಲೂ ಒಂದು ಮೆಟ್ಟಿಲು ಮೇಲೇರಿದಳು. ಎರಡನೆಯ ಗಂಡ ವಿಲಿಯಂ ಕ್ಯಾವೆಂಡಿಷನನ್ನು ತನ್ನ ತವರಿನ ಸೀಮೆಗೆ ಕರೆತಂದು ಈ ಜಾಗ ಕೊಳ್ಳಿಸಿದಳು. ನಾಲ್ಕನೆಯ ಗಂಡನ ವಶದಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಾಳಾಗಿ ಇದ್ದಾಗ ಆಗಾಗ ಇಲ್ಲಿಯೇ ಇರುತ್ತಿದ್ದಳು. ಈಗ ನಿಂತಿರುವ ಕಟ್ಟಡ ಬೆಸ್ ಕಟ್ಟಿಸಿದ್ದಲ್ಲ. 17ನೆಯ ಶತಮಾನದ ಕೊನೆಗೆ ಅವಳ ವಂಶದ ಒಂದನೆಯ ಡ್ಯೂಕ್ ಒಂದೊಂದೇ ಮಗ್ಗುಲು ಕೆಡವಿ ಕಟ್ಟಿಸುತ್ತಾ ಹೋದದ್ದು. ಇಷ್ಟೆಲ್ಲಕ್ಕೂ ಬುನಾದಿ ಹಾಕಿದ್ದು ಒಬ್ಬ ಹೆಂಗಸಾದರೂ ಡ್ಯೂಕ್ ಪದವಿ ಮಾತ್ರ ಇವತ್ತಿಗೂ ಗಂಡಿಗೇ, ಅದೂ ಹಿರಿಯ ಗಂಡಿಗೆ. ಮನೆ, ಹೊಲ, ಚಿತ್ರ, ಬೆಳ್ಳಿ ಎಲ್ಲವೂ ಅವನ ಹಿಂದೆ. ತಮ್ಮಂದಿರಿಗೆ ಸೈನ್ಯ, ಚರ್ಚು, ಪಾರ್ಲಿಮೆಂಟು. ಹೆಣ್ಣುಮಕ್ಕಳಿಗೆ ವರದಕ್ಷಿಣೆ, ಗೋಡೆಯ ಮೇಲೊಂದು ಚಿತ್ರ. ನಮ್ಮತ್ತೆಗೆ ಸೀರೆ.

ತಮ್ಮಂದಿರ ಕಡೆಯವರು ಯಾರೂ ಉಪವಾಸ ಬೀಳಲಿಲ್ಲ ಅನ್ನಿ. ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ಕ್ಯಾವೆಂಡಿಷ್ ಪ್ರಯೋಗ ನೆನಪಿರಬಹುದು, 1798ರಲ್ಲಿ ಸೀಸದ ಗುಂಡು ತೂಗುಬಿಟ್ಟು ಭೂಮಿಯ ಸಾಂದ್ರತೆ ಅಳೆದದ್ದು. ಆ ಹೆನ್ರಿ ಕ್ಯಾವೆಂಡಿಷ್ ಎರಡನೆಯ ಡ್ಯೂಕನ ಕಿರಿಮಗನ ಮಗ. ಮನುಷ್ಯರ ಮುಖ ನೋಡಲೂ ನಾಚುತ್ತಿದ್ದ, ಮನೆಯ ಕೆಲಸದವಳಿಗೂ ಊಟಕ್ಕೇನು ಬೇಕೆಂದು ಚೀಟಿ ಬರೆದಿಡುತ್ತಿದ್ದನಂತೆ. ಅವನ ಕೆಲವು ಉಪಕರಣಗಳು ಈಗ ಈ ಮನೆಯ ಸಂಗ್ರಹದಲ್ಲಿವೆ.

ಇನ್ನೊಬ್ಬನ ಹೆಸರು ಕಂಡಾಗ ಸ್ವಲ್ಪ ಹೊತ್ತು ನಿಂತೆ. ಎಂಟನೆಯ ಡ್ಯೂಕ್. ಆ ಪದವಿಗೆ ಬರುವ ಮುಂಚೆ ಲಾರ್ಡ್ ಹಾರ್ಟಿಂಗ್ಟನ್ ಎಂಬ ಹೆಸರಿನಲ್ಲಿ 1880ರಿಂದ 1882ರವರೆಗೆ ಇಂಡಿಯಾದ ವ್ಯವಹಾರ ನೋಡಿಕೊಳ್ಳುವ ಮಂತ್ರಿಯಾಗಿದ್ದವನು. ಮೈಸೂರಿನವರಿಗೆ ಆ ಇಸವಿಗಳ ನಡುವೆ ಏನಿದೆ ಅಂತ ಹೇಳಬೇಕಿಲ್ಲ. 1831ರಲ್ಲಿ ಕಿತ್ತುಕೊಂಡಿದ್ದ ರಾಜ್ಯಭಾರವನ್ನು ಬ್ರಿಟಿಷರು 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ವಾಪಸು ಕೊಟ್ಟರು. ಮುಮ್ಮಡಿಯವರು ದತ್ತು ತೆಗೆದುಕೊಂಡ ಮಗನಿಗೆ ರಾಜ್ಯ ಸಲ್ಲುತ್ತದೋ ಇಲ್ಲವೋ ಅಂತ ವರ್ಷಗಟ್ಟಲೆ ಕಾಗದಪತ್ರ ನಡೆದಿತ್ತು. ಕೊಡುವುದು ಅಂತ ಇವನಿಗಿಂತ ಮೊದಲೇ ತೀರ್ಮಾನವಾಗಿತ್ತು, ಸರಿ. ಆದರೆ ಕೊಡುವ ಹೊತ್ತಿಗೆ ಲಂಡನ್ನಿನ ಕುರ್ಚಿಯಲ್ಲಿ ಕೂತಿದ್ದವನು ಈ ಮನೆಯ ಹಿರಿಮಗ. ಜೊತೆಗೆ ವರ್ಷದ ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರು ಬೇರೆ. ಆ ಏರಿಕೆಯನ್ನು ಮುಂದಕ್ಕೆ ಹಾಕಿದರು, ಅದು ಬೇರೆ ಮಾತು. ತನ್ನ ಮನೆಯ ಉತ್ತರಾಧಿಕಾರದಲ್ಲಿ ಒಂದು ಎಳೆಯೂ ಅತ್ತಿತ್ತ ಆಗದಂತೆ ಕಟ್ಟುಮಾಡಿಕೊಂಡವರು ಇನ್ನೊಬ್ಬರ ಮನೆಯ ದತ್ತುಪತ್ರ ತಿರುವಿಹಾಕುತ್ತಿದ್ದರು ಅನ್ನುವುದನ್ನು ನೆನೆದರೆ ನಗುವೋ ಸಿಟ್ಟೋ ಗೊತ್ತಾಗುವುದಿಲ್ಲ.

ಇಷ್ಟು ಬಿಗಿಯಾಗಿ ಕಟ್ಟಿದ ಮನೆಗೂ ಕೊನೆಗೆ ಪಾಲು ಕೇಳುವವರು ಬಂದರು. ತಮ್ಮಂದಿರಲ್ಲ, ಸರ್ಕಾರ. ಎರಡನೆಯ ಮಹಾಯುದ್ಧದಲ್ಲಿ ಈ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಯುತ್ತಿತ್ತು, ರಾಜರಿಗೆಂದು ಸಿಂಗರಿಸಿದ ಕೋಣೆಗಳಲ್ಲಿ ಸಾಲಾಗಿ ಕಬ್ಬಿಣದ ಮಂಚ. ಹಿರಿಮಗ ವಿಲಿಯಂ 1944ರಲ್ಲಿ ಬೆಲ್ಜಿಯಂನಲ್ಲಿ ಗುಂಡಿಗೆ ಬಲಿಯಾದ. ಅವನನ್ನು ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಹೆಂಡತಿ ಕ್ಯಾತ್ಲೀನ್, ಮುಂದೆ ಅಮೆರಿಕದ ಅಧ್ಯಕ್ಷನಾದ ಕೆನೆಡಿಯ ತಂಗಿ. ನಾಲ್ಕು ವರ್ಷದ ಮೇಲೆ ವಿಮಾನ ಅಪಘಾತದಲ್ಲಿ ಅವಳೂ ಹೋದಳು. ಎಡೆನ್ಸರಿನ ಚರ್ಚಿನ ಹಿಂದೆ ಮಣ್ಣು ಮಾಡಿದ್ದಾರೆ. ತಂದೆ ಹತ್ತನೆಯ ಡ್ಯೂಕ್ ಆಸ್ತಿಯನ್ನು ಎರಡನೆಯ ಮಗ ಆಂಡ್ರೂಗೆ ಉಳಿಯುವಂತೆ ಬರೆದಿಟ್ಟ. ಬರೆದು ಐದು ವರ್ಷ ಬದುಕಿದ್ದರೆ ತೆರಿಗೆ ಇಲ್ಲ. ಅವಧಿ ಮುಗಿಯಲು ಕೆಲವೇ ವಾರ ಬಾಕಿ ಇರುವಾಗ, 1950ರ ನವೆಂಬರಿನಲ್ಲಿ, ಕಟ್ಟಿಗೆ ಕಡಿಯುತ್ತಾ ಎದೆ ಹಿಡಿದುಕೊಂಡು ಸತ್ತುಹೋದ. ಸಾವಿನ ತೆರಿಗೆ ನೂರಕ್ಕೆ ಎಂಬತ್ತು.

ಎಂಬತ್ತು! ನಮ್ಮ ಚಿಕ್ಕಪ್ಪ ಕೇಳಿದ್ದು ಐವತ್ತು.

ಸಾವಿರಾರು ಎಕರೆ ಮಾರಿದರು. ರೆಂಬ್ರಾಂಟ್, ಹೋಲ್ಬೈನ್ ಚಿತ್ರಗಳು ಸರ್ಕಾರಕ್ಕೆ ಹೋದವು. ಬೆಸ್ ತನಗಾಗಿ ಕಟ್ಟಿಸಿಕೊಂಡಿದ್ದ ಹಾರ್ಡ್‌ವಿಕ್ ಹಾಲ್ ಕೂಡ 1959ರಲ್ಲಿ ಕೈಬಿಟ್ಟಿತು. ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಲೆಕ್ಕ ತೀರಿಸುತ್ತಲೇ ಇದ್ದರು. 1981ರಲ್ಲಿ ಮನೆಯನ್ನು ಒಂದು ಟ್ರಸ್ಟಿಗೆ ವಹಿಸಿದರು. ಈಗಿನ ಕುಟುಂಬ ತಾನಿರುವ ಭಾಗಕ್ಕೆ ಆ ಟ್ರಸ್ಟಿಗೆ ಬಾಡಿಗೆ ಕಟ್ಟುತ್ತದೆ. ಬೆಳಿಗ್ಗೆ ಬಾಡಿಗೆ ಮನೆ ಅಂದುಕೊಂಡ ಅಪ್ಪನ ಮಾತು ಹಾಗೆ ನೋಡಿದರೆ ಪೂರಾ ತಪ್ಪಲ್ಲ.

ಹೊರಗೆ ಬಂದಾಗ ಬಿಸಿಲಿತ್ತು, ಅಂದರೆ ಇಲ್ಲಿನ ಬಿಸಿಲು. ತೋಟದ ಒಂದು ಕಡೆ ಬೆಣಚುಕಲ್ಲಿನ ಹಾಸಿನಲ್ಲಿ ಒಂದು ಹಾವು ಬಿಡಿಸಿದ್ದಾರೆ. ಮೈಯನ್ನೇ ಗಂಟು ಹಾಕಿಕೊಂಡ ಹಾವು ಕ್ಯಾವೆಂಡಿಷ್ ವಂಶದ ಲಾಂಛನ. ನನಗೋ ಅರಳಿಕಟ್ಟೆಯ ನಾಗರಕಲ್ಲಿನ ನೆನಪಾಗಿ ಕಾಲಿಡಲು ಹಿಂಜರಿಕೆ. ಸುತ್ತು ಹಾಕಿ ಹೋದೆ. ಹಿಂದಿದ್ದ ಮಗುವೊಂದು ಅದರ ತಲೆಯ ಮೇಲೇ ಕುಪ್ಪಳಿಸುತ್ತಾ ಹೋಯಿತು.

ನಾನು ನೋಡಬೇಕೆಂದು ಬಂದದ್ದು ನಿಜವಾಗಿ ಮನೆಯನ್ನಲ್ಲ, ಅದರ ತೋಟಗಾರನ ಕೆಲಸವನ್ನು. ಜೋಸೆಫ್ ಪ್ಯಾಕ್ಸ್‌ಟನ್ ಒಬ್ಬ ರೈತನ ಏಳನೆಯ ಮಗ. ಏಳನೆಯವನಿಗೆ ಯಾವ ದೇಶದ ಕಾನೂನಿನಲ್ಲೂ ದೊಡ್ಡ ಪಾಲಿಲ್ಲ. 1826ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ಆರನೆಯ ಡ್ಯೂಕ್ ಇವನನ್ನು ಮುಖ್ಯ ತೋಟಗಾರನನ್ನಾಗಿ ನೇಮಿಸಿಕೊಂಡ. ಬೆಳಗಿನ ಜಾವ ನಾಲ್ಕೂವರೆಗೆ ಬಂದು, ಗೇಟು ಹತ್ತಿ ಹಾರಿ, ತೋಟವೆಲ್ಲ ಸುತ್ತಿ, ಆರಕ್ಕೆ ಆಳುಗಳನ್ನು ಕೆಲಸಕ್ಕೆ ಹಚ್ಚಿ, ತಿಂಡಿಗೆ ಕೂತಾಗ ಮನೆವಾರ್ತೆಯಮ್ಮನ ಒಡಹುಟ್ಟಿದವರ ಮಗಳಿಗೆ ಮನಸೋತನಂತೆ. ಒಂಬತ್ತು ಗಂಟೆಗೆಲ್ಲ ಇಷ್ಟೂ ಮುಗಿದಿತ್ತು ಅಂತ ಅವನೇ ಬರೆದುಕೊಂಡಿದ್ದಾನೆ. ಆ ಹುಡುಗಿಯನ್ನೇ ಮದುವೆಯಾದ.

1836ರಿಂದ 1840ರವರೆಗೆ ಅವನು ಇಲ್ಲಿ ಕಟ್ಟಿದ ಗಾಜಿನ ಮನೆಯ ಉದ್ದ 277 ಅಡಿ, ಅಗಲ 123 ಅಡಿ. ಒಳಗೆ ಉಷ್ಣವಲಯದ ಗಿಡಗಳು. ಅವಕ್ಕೆ ಸೆಕೆ ಕೊಡಲು ನೆಲದಡಿಯಲ್ಲಿ ಎಂಟು ಬಾಯ್ಲರು, ಏಳು ಮೈಲಿ ಉದ್ದದ ಬಿಸಿನೀರಿನ ಕೊಳವೆ. ಕಲ್ಲಿದ್ದಲು ಕಣ್ಣಿಗೆ ಕಾಣಬಾರದೆಂದು ಸುರಂಗದೊಳಗೆ ಕಂಬಿ ಹಾಕಿ ತರುತ್ತಿದ್ದರು. ಆ ಸುರಂಗದೊಳಗೆ ಈಗಲೂ ನಡೆಯಬಹುದು. ನಡೆದೆ. ತಂಪು, ಹಸಿ ಇಟ್ಟಿಗೆಯ ವಾಸನೆ, ಗೋಡೆ ಮುಟ್ಟಿದರೆ ಬೆರಳಿಗೆ ಒದ್ದೆ. ಮೇಲೆ ವಿಕ್ಟೋರಿಯಾ ರಾಣಿ ಸಾರೋಟಿನಲ್ಲಿ ಕೂತು ಗಾಜಿನ ಮನೆಯೊಳಗೇ ಹಾದು ಹೋದಾಗ ಕೆಳಗೆ ಇಲ್ಲಿ ಯಾರೋ ಬೆಂಕಿಗೆ ಕಲ್ಲಿದ್ದಲು ಎಸೆಯುತ್ತಿದ್ದಿರಬೇಕು. ಆ ಅನುಭವದಿಂದಲೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ. ಅದನ್ನು ಮಾದರಿಯಾಗಿಟ್ಟುಕೊಂಡು 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಬೆಂಗಳೂರಿನಲ್ಲಿ ಸೆಕೆಗೆ ಕಲ್ಲಿದ್ದಲು ಬೇಕಿರಲಿಲ್ಲ. ಆ ಗಾಜಿನ ಮನೆಗೆ ಗೋಡೆಯೇ ಇಲ್ಲ, ನಾಲ್ಕೂ ಕಡೆ ಗಾಳಿ. ಇಲ್ಲಿನದು ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು. 1920ರಲ್ಲಿ ಮದ್ದಿಟ್ಟು ಉಡಾಯಿಸಿದರು. ಒಂದೇ ಸಲಕ್ಕೆ ಬೀಳಲಿಲ್ಲವಂತೆ, ಮತ್ತೆ ಮತ್ತೆ ಮದ್ದಿಡಬೇಕಾಯಿತು. ಮದ್ದಿಟ್ಟವನು ಪ್ಯಾಕ್ಸ್‌ಟನ್ನನ ಮೊಮ್ಮಗ. ಆ ಜಾಗದಲ್ಲೀಗ ಗಿಡಗಳ ಚಕ್ರವ್ಯೂಹವಿದೆ. ಒಳಗೆ ಹೊಕ್ಕು, ದಾರಿ ತಪ್ಪಿ, ಬಂದ ದಾರಿಯಲ್ಲೇ ಹೊರಗೆ ಬಂದೆ.

ಇನ್ನೊಂದು, ಚಿಕ್ಕ ಗಾಜಿನ ಮನೆಯಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಬಾಳೆ. ಮೊಣಕಾಲೆತ್ತರದ ಕಟಕಟೆಯಾಚೆ, ಆವಿ ಹಿಡಿದ ಗಾಜಿನ ಪಕ್ಕ ನಿಂತಿತ್ತು. ಮಾರಿಷಸ್ಸಿನ ಮೂಲಕ ಇಂಗ್ಲೆಂಡಿಗೆ ಬಂದಿದ್ದ, ಚೀನಾ ಮೂಲದ ಒಂದು ಗಿಡ್ಡ ಬಾಳೆಯ ಗಿಡವನ್ನು ಪ್ಯಾಕ್ಸ್‌ಟನ್ ಕೊಂಡುಕೊಂಡು ಬೆಳೆಸಿದ. 1835ರ ನವೆಂಬರಿನಲ್ಲಿ ಹೂವು, ಮುಂದಿನ ಮೇ ಹೊತ್ತಿಗೆ ನೂರಕ್ಕೂ ಮೇಲ್ಪಟ್ಟು ಕಾಯಿ. ಪ್ರದರ್ಶನದಲ್ಲಿ ಪದಕ ಬಂತು. ಒಡೆಯನ ಮನೆತನದ ಹೆಸರನ್ನೇ ಅದಕ್ಕಿಟ್ಟ, ಕ್ಯಾವೆಂಡಿಷ್. ಇಲ್ಲಿಂದ ಮಿಷನರಿಗಳು ಅದರ ಕಂದುಗಳನ್ನು ಸಮೋವಾಗೆ ಒಯ್ದರು. ಮುಂದೆ ಗ್ರೋ ಮಿಶೆಲ್ ಎಂಬ ತಳಿಯನ್ನು ಸೊರಗು ರೋಗ ನುಂಗಿದಾಗ ಬಾಳೆ ಕಂಪನಿಗಳು ಆ ರೋಗ ತಡೆಯುವ ಕ್ಯಾವೆಂಡಿಷ್ ಗುಂಪಿಗೆ ತಿರುಗಿದವು. ಇವತ್ತು ಶೆಫೀಲ್ಡಿನ ಯಾವ ಅಂಗಡಿಗೆ ಹೋದರೂ ಸಿಗುವುದು ಅದೊಂದೇ.

ಅಪ್ಪನೂ ಮಾಡಿದ್ದು ಅದನ್ನೇ. ಪಾಲಾದ ಮೇಲೆ ನಾಲ್ಕು ವರ್ಷ ಒಂದೂಕಾಲು ಎಕರೆಗೂ ರಸಬಾಳೆ ಹಾಕಿದರು. ಎಲೆ ಹಳದಿಯಾಗಿ, ಮುರಿದು, ದಿಂಡಿಗೆ ಜೋತುಬೀಳುತ್ತಿತ್ತು. ಕತ್ತರಿಸಿ ನೋಡಿದರೆ ಗೆಡ್ಡೆಯೊಳಗೆ ಕೆಂಪುಗಂದು ಗೀರು. ಐದನೆಯ ವರ್ಷ ಪಚ್ಚಬಾಳೆ ಹಾಕಿದರು, ಆಮೇಲೆ ಟಿಶ್ಯೂ ಕಲ್ಚರಿನ ಜಿ-ನೈನ್. ಎರಡೂ ಕ್ಯಾವೆಂಡಿಷ್ ಕುಲವೇ. ನಮ್ಮ ಪಚ್ಚಬಾಳೆ ಈ ಮನೆಯಿಂದ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡು ಕಡೆಯ ಬಾಳೆಯ ಹೆಸರೂ ಈಗ ಒಂದೇ ಮನೆತನದ ಖಾತೆಯಲ್ಲಿದೆ. ರಸಬಾಳೆಯ ವಾಸನೆ ಕೋಣೆ ತುಂಬುತ್ತಿತ್ತು. ಇದಕ್ಕೆ ಆ ವಾಸನೆ ಇಲ್ಲ, ತೂಕ ಇದೆ.

ಮಧ್ಯಾಹ್ನ ಒಂದು ಗಂಟೆ, ಊರಲ್ಲಿ ಸಂಜೆ ಐದೂವರೆ. ವಿಡಿಯೋ ಕಾಲ್ ಹಚ್ಚಿ ಫೋನನ್ನು ಬಾಳೆಯ ಕಡೆ ತಿರುಗಿಸಿದೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

"ಬುಡ ತೋರ್ಸು."

ಬುಡ ತೋರಿಸಿದೆ. ತಾಯಿಗಿಡದ ಸುತ್ತ ಐದೋ ಆರೋ ಕಂದು ಎದ್ದಿದ್ದವು.

"ಕಂದೇ ಕಿತ್ತಿಲ್ವಲ್ಲವ್ವಾ. ಒಂದು ಮಡಗಿ ಮಿಕ್ಕದ್ದೆಲ್ಲ ಚುಚ್ಚಿ ತೆಗೀಬೇಕು. ಇಲ್ದಿದ್ರೆ ಗೊನೆ ಸಣ್ಣಾಯ್ತದೆ. ಅಷ್ಟೂ ಗೊತ್ತಿಲ್ವಾ ಇವ್ರಿಗೆ?"

ಗೊತ್ತಿಲ್ಲದೆ ಏನಪ್ಪಾ, ಮನೆಯೊಳಗೆ ನಾನೂರು ವರ್ಷದಿಂದ ಅದನ್ನೇ ಮಾಡಿದ್ದಾರೆ ಅಂತ ಬಾಯಿಗೆ ಬಂತು. ಹೇಳಲಿಲ್ಲ. ಅಷ್ಟರಲ್ಲಿ ಅಪ್ಪ "ತಡಿ, ತಡಿ" ಅಂದು ಎದ್ದರು. ಪರದೆಯ ಮೇಲೆ ಹೆಂಚು, ಆಕಾಶ, ಸುಣ್ಣ ಉದುರಿದ ಇಟ್ಟಿಗೆ ಗೋಡೆ ಎಲ್ಲ ಓಲಾಡಿದವು. ಗೋಡೆಯಾಚೆಯಿಂದ ಒಂದು ಕೈ ಫೋನು ತೆಗೆದುಕೊಂಡಿತು. ಚಿಕ್ಕಪ್ಪ. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಅವರನ್ನು ನೋಡಿ ಎರಡು ವರ್ಷವಾಗಿತ್ತು.

"ಪಚ್ಚಬಾಳೆ ಅಲ್ವಾ ಇದು? ಇದುಕ್ಯಾಕೆ ಗಾಜಿನ ಮನೆ?"

"ಚಳಿ ಅಲ್ವಾ ಚಿಕ್ಕಪ್ಪ ಇಲ್ಲಿ."

"ನೋಡಕ್ಕೆ ದುಡ್ಡು ಕೊಡಬೇಕಾ?"

"ಮನೆ, ತೋಟ ಎಲ್ಲ ಸೇರಿ ಟಿಕೆಟ್ಟು. ನಮ್ಮ ದುಡ್ಡಲ್ಲಿ ಮೂರು ಸಾವಿರದ ಮೇಲಾಯ್ತದೆ."

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಬೆನ್ನ ಹಿಂದೆ, ಬಚ್ಚಲ ನೀರು ಹೋಗುವಲ್ಲಿ, ಅಜ್ಜಿಯ ರಸಬಾಳೆಯ ಎಲೆಯೊಂದು ಅಲ್ಲಾಡಿದ್ದು ಕಂಡಿತು. ಆಮೇಲೆ ಫೋನು ಪಕ್ಕಕ್ಕೆ ಹಿಡಿದು ಗೋಡೆಯ ಮೇಲಿಂದ ಈಚೆಗೆ ಕೂಗಿದರು:

"ಅಣ್ಣಾ, ನಾವೂ ಒಂದು ಟಿಕೀಟು ಮಡಗನಾ?"